ನನ್ನ ಪಿಸ್ತೂಲು ತಂದು ಕೊಡು

ವುಡ್‌ವರ್ಡ್, ಒಕ್ಲಹೋಮಾ
ಮೇ ೬, ಮಂಗಳವಾರ

ಚಾರ್ಲಾ,

‘ಪ್ರೀತಿಯ’ ಎಂದು ಮೊದಲು ಬರೆದೆ, ಆಮೇಲೆ ಮನಸ್ಸು ಬರದೆ ಹೊಸ ಹಾಳೆ ತೆಗೆದುಕೊಂಡೆ. ಈ ಕಾಗದವನ್ನು ನಿನ್ನ ಮನೆಗೆ ಹಾಕುತ್ತಿಲ್ಲ, ನೀನು ಅಡುಗೆ ಮಾಡುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮನೆಗೆ ಬಂದದ್ದನ್ನು ನಿನಗಿಂತ ಮೊದಲು ನಿನ್ನ ಗಂಡ ರಾಯ್ಸ್ ಒಡೆದು ಓದುತ್ತಾನೆ. ಫೋನಿನಲ್ಲಿ ಬೈಯೋಣವೆಂದರೆ ನೀನು ಎತ್ತುವುದೇ ಇಲ್ಲ.

ಭಾನುವಾರ ನಾನು ಸ್ನಾನದ ಬೆಂಚಿನ ಮೇಲೆ ಕೂತು ತಲೆಗೆ ಸೋಪು ಹಚ್ಚಿಕೊಂಡಿದ್ದಾಗ, ನಾನು ಹೆತ್ತ ಮಗಳು ನನ್ನ ಮಲಗುವ ಕೋಣೆಗೆ ನುಗ್ಗಿ ನನ್ನ ಪಿಸ್ತೂಲು ಎತ್ತಿಕೊಂಡು ಹೋದಳು. ಅದನ್ನು ನಾನು ಸ್ನಾನಕ್ಕೆ ಮಾತ್ರ ಮೈಯಿಂದ ಬಿಚ್ಚುತ್ತೇನೆ. ಹಾಗೆಂದು ನಿನಗೆ ಹೇಳಿದವಳೂ ನಾನೇ, ನನ್ನ ಬಾಯಿಗೆ ಬೆಂಕಿ ಬೀಳಲಿ! ಸಂಜೆ ನೀನು ಫೋನು ಮಾಡಿ ಏನಂದೆ? “ನಿನ್ನ ಒಳ್ಳೇದಕ್ಕೇ ಅಮ್ಮಾ. ಯಾವತ್ತಾದ್ರೂ ನಿನ್ನ ಕಾಲಿಗೆ ನೀನೇ ಹೊಡ್ಕೊಂಡ್ರೆ ನಿಂಗೆ ಗೊತ್ತೂ ಆಗಲ್ಲ.” ಅಷ್ಟು ಹೇಳಿ ಇಟ್ಟುಬಿಟ್ಟೆ.

ಟ್ರಕ್ಕು ಮಗುಚಿ ಬಿದ್ದ ಮೇಲೆ ನನಗೆ ಸೊಂಟದಿಂದ ಕೆಳಗೆ ಏನೂ ತಿಳಿಯುವುದಿಲ್ಲ ಎನ್ನುವುದನ್ನು ನೀನು ನನಗೆ ನೆನಪಿಸಬೇಕಾಗಿಲ್ಲ. ಆ ಕಾಲುಗಳನ್ನು ದಿನಾ ಎತ್ತಿ ಇಳಿಸಿ ತೊಳೆಯುವವಳು ನಾನು. ಗಾಲಿಕುರ್ಚಿಯವರಿಗೆಂದು ನಡೆಸುವ ಪಿಸ್ತೂಲು ತರಗತಿಯಲ್ಲಿ ನಮ್ಮ ಟೀಚರು ವಾಂಡಾ ಮೊದಲ ದಿನವೇ ಕಲಿಸಿದ್ದು ಅದನ್ನೇ: ಕೂತವಳು ಪಿಸ್ತೂಲು ತೆಗೆಯುವಾಗ ಅದರ ಬಾಯಿ ಅವಳ ತೊಡೆಯ ಮೇಲೆ ಹಾಯಬಾರದು, ನೇರ ಹೊರಕ್ಕೆ ಹೋಗಬೇಕು. ಖಾಲಿ ಪಿಸ್ತೂಲು ಇಟ್ಟುಕೊಂಡು ಚಳಿಗಾಲವಿಡೀ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದ್ದೇನೆ. ನೀನು ಬಂದಾಗ ನೋಡಿ ನಕ್ಕಿದ್ದೆ.

ನಾನು ಇದನ್ನು ಯಾಕೆ ಇಟ್ಟುಕೊಂಡೆ ಎನ್ನುವುದೂ ನಿನಗೆ ಮರೆತುಹೋದ ಹಾಗಿದೆ. ಹೋದ ಅಕ್ಟೋಬರಿನಲ್ಲಿ ಅಂಗಡಿಯ ಮುಂದೆ ಒಬ್ಬ ಬಂದು ನನ್ನನ್ನು ಕೇಳದೆ ನನ್ನ ಗಾಲಿಕುರ್ಚಿಯ ಹಿಡಿ ಹಿಡಿದ. ಹಾಡುಹಗಲೇ. ಸಲೀಸಾಗಿ ತಳ್ಳಿಕೊಂಡು ಹೋಗಿ ಎರಡು ಟ್ರಕ್ಕುಗಳ ಸಂದಿಯಲ್ಲಿ ನಿಲ್ಲಿಸಿ ಪರ್ಸು ಕಿತ್ತುಕೊಂಡ. ನಾನು ಬಿಡೋ ಬಿಡೋ ಎಂದು ಕಿರುಚುತ್ತಿದ್ದರೆ ದಾರಿಯಲ್ಲಿದ್ದ ಹೆಂಗಸೊಬ್ಬಳು ಅವನ ಕಡೆ ನೋಡಿ, “ಪಾಪ, ನಿಮ್ಮ ತಾಯಿಗೆ ಇವತ್ತು ಹುಷಾರಿಲ್ವಾ?” ಅಂದಳು. ಅವನು ಹೌದು ಎಂದು ತಲೆಯಾಡಿಸಿದ! ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಊರಿನಿಂದ ಇಷ್ಟು ದೂರ ಒಂಟಿ ಮನೆಯಲ್ಲಿರುವವಳು ನಾನು. ಶೆರಿಫನ ಕಡೆಯ ಪೊಲೀಸರನ್ನು ಕರೆದರೆ ಅವರು ಬರುವಷ್ಟರಲ್ಲಿ ಕಾಫಿ ಕಾಸಿ ಕುಡಿದು ಲೋಟ ತೊಳೆದಿಡಬಹುದು.

ಗಾಲಿಕುರ್ಚಿಯಲ್ಲಿರುವವರು ಪಿಸ್ತೂಲನ್ನು ಯಾರಿಗೂ ಕಾಣದಂತೆ ಎಲ್ಲಿಡಬೇಕು ಎನ್ನುವುದೇ ದೊಡ್ಡ ಪಾಡು. ಎಲ್ಲರ ಹಾಗೆ ಸೊಂಟದ ಪಕ್ಕದಲ್ಲಿ ಇಟ್ಟೆ. ಕುರ್ಚಿಯ ತೋಳು ಒತ್ತಿ ಒತ್ತಿ ಬಾಸುಂಡೆ ಬಂತು, ಕೈಯೂ ಸಂದಿಗೆ ಇಳಿಯಲಿಲ್ಲ. ಕಾಲಿಗೆ ಕಟ್ಟಿದೆ, ಬಗ್ಗಿದವಳು ಮುಂದಕ್ಕೆ ಮುಗ್ಗರಿಸಿ ವಾಂಡಾಳ ಬೂಟಿನ ಮೇಲೆ ಮುಖ ಇಟ್ಟೆ. ಕಂಕುಳಲ್ಲಿ ಇಟ್ಟರೆ ಚಕ್ರ ತಳ್ಳುವಾಗ ಚರ್ಮ ಕಿತ್ತುಬಂತು. ಕುರ್ಚಿಯ ಹಿಂದೆ ಚೀಲ ತೂಗುಹಾಕುವ ಮಾತೇ ಬೇಡ, ನನ್ನ ಬೆನ್ನ ಹಿಂದೆ ಯಾರು ಬರುತ್ತಾರೆ ಎನ್ನುವುದು ನನಗೆ ಗೊತ್ತು.

ಆಗಲೇ ನಿನ್ನ ರಾಯ್ಸ್ ತನ್ನ ಜಾಣತನ ತೋರಿಸಿದ್ದು. ಕುರ್ಚಿಯ ಸೀಟಿನ ಕೆಳಗೆ ಮುಂಭಾಗದಲ್ಲಿ ಒಂದು ಗೂಡು ಬೆಸುಗೆ ಹಾಕಿ ಕೊಟ್ಟ. ಸ್ಕರ್ಟಿನ ಅಂಚು ಎತ್ತಿದರೆ ಪಿಸ್ತೂಲು ಕೈಗೆ ಬರುತ್ತಿತ್ತು. ನನ್ನ ಹುಟ್ಟುಹಬ್ಬದ ಉಡುಗೊರೆ ಎಂದು ಎಲ್ಲರೆದುರು ಕೊಟ್ಟ, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಹಲ್ಲು ಕಿರಿದೆ. ತರಗತಿಗೆ ಹೋಗಿ ಜಂಬದಿಂದ ತೋರಿಸಿದರೆ ವಾಂಡಾ ಮೂತಿ ತಿರುವಿದಳು. “ಮೈಮೇಲೆ ಇಟ್ಕೋ ಕಣೇ ನೇಡೀನ್. ಕುರ್ಚಿ ನಿನ್ನ ಮೈ ಅಲ್ಲ,” ಅಂದಳು. ನನಗೆ ರೇಗಿಹೋಯಿತು. “ಎರಡು ಕಾಲ ಮೇಲೆ ಓಡಾಡೋಳು ನನಗೆ ಹೇಳಿಕೊಡ್ತಾಳೆ, ಈ ಕುರ್ಚಿ ನನ್ನ ಮೈಯೇ,” ಎಂದು ಜಗಳಕ್ಕೆ ನಿಂತೆ. ಅವತ್ತು ತರಗತಿಯಲ್ಲಿದ್ದ ಕುರ್ಚಿಯವರೆಲ್ಲ ನನ್ನ ಕಡೆಯೇ. ವಾಂಡಾ ತನ್ನ ಪಿಸ್ತೂಲಿಗೆ ಗುಂಡು ತುಂಬತೊಡಗಿದಳು.

ಈಸ್ಟರ್ ಭಾನುವಾರ ನಿನ್ನ ಮನೆಯಲ್ಲಿ ಆ ಜಗಳಕ್ಕೆ ಉತ್ತರ ಸಿಕ್ಕಿತು. ರಾಯ್ಸ್ ನನ್ನನ್ನು ಎತ್ತಿ ದೊಡ್ಡ ಒರಗು ಸೋಫಾದಲ್ಲಿ ಕೂರಿಸಿದ. “ಆರಾಮಾಗಿ ಕೂತ್ಕೊಳ್ಳಿ ನೇಡೀನಮ್ಮ, ಈ ಗಾಡಿ ಎಲ್ಲರ ಕಾಲಿಗೂ ಸಿಗ್ತಿದೆ, ಹೊರಗಿಡ್ತೀನಿ,” ಎಂದು ಕುರ್ಚಿಯನ್ನು ವರಾಂಡಕ್ಕೆ ತಳ್ಳಿಕೊಂಡು ಹೋದ. ಯಾರು ಏನು ಹೇಳುವುದಕ್ಕಿದೆ? ಎಲ್ಲ ಮನೆಗಳಲ್ಲೂ ಹಾಗೆಯೇ ಮಾಡುತ್ತಾರೆ, ಚರ್ಚಿನಲ್ಲೂ ಮಾಡುತ್ತಾರೆ. ನನ್ನನ್ನು ಒಂದು ಕಡೆ ಕೂರಿಸಿ ನನ್ನ ಕಾಲನ್ನು ಇನ್ನೊಂದು ಕಡೆ ನಿಲ್ಲಿಸುತ್ತಾರೆ, ಅದಕ್ಕೆ ನಾನು ಥ್ಯಾಂಕ್ಸ್ ಬೇರೆ ಹೇಳಬೇಕು. ಪಿಸ್ತೂಲು ಹೊರಗೆ ವರಾಂಡದಲ್ಲಿ, ನಾನು ಒಳಗೆ ಮೂಟೆಯ ಹಾಗೆ.

ಆಮೇಲೆ ಅಡುಗೆಮನೆಯಲ್ಲಿ ತಟ್ಟೆ ಒಡೆದ ಸದ್ದಾಯಿತು. ಅವನ ದನಿ ಕೇಳಿತು, ಜೋರಾಗಿಯಲ್ಲ, ಹಲ್ಲು ಕಚ್ಚಿದ ದನಿ. “ಜನರ ಮುಂದೆ ನನಗೇ ಎದುರು ಮಾತಾಡ್ತೀಯಾ?” ಕಪಾಟಿಗೆ ಏನೋ ದಡ್ಡೆಂದು ಬಡಿಯಿತು. ನನ್ನ ಕುರ್ಚಿ ತನ್ನಿ ಎಂದು ಕೂಗಿದೆ. ಮತ್ತೆ ಕೂಗಿದೆ. ರಾಯ್ಸ್‌ನ ತಮ್ಮ ಟ್ಯಾನರ್ ಪಕ್ಕದಲ್ಲೇ ಇದ್ದ, ಕೇಳಿಸಲಿಲ್ಲವೆಂಬಂತೆ ಟಿವಿಯ ದನಿ ಏರಿಸಿದ. ಆ ಸೋಫಾದ ತೋಳು ಹಿಡಿದು ಏಳಲು ಹೋಗಿ ಕುಸಿದು ಬಿದ್ದೆ, ಅದೂ ಅವನಿಗೆ ಕಾಣಲಿಲ್ಲ. ಕೊನೆಗೆ ನೀನೇ ಬಂದೆ, ಮಣಿಕಟ್ಟಿಗೆ ಒದ್ದೆ ಟವೆಲು ಸುತ್ತಿಕೊಂಡು. “ಓವನ್ ತಟ್ಟೆ ತಾಗ್ತು ಅಮ್ಮಾ, ಏನಿಲ್ಲ,” ಅಂದೆ. ಊಟಕ್ಕೆ ಕೂತಾಗ ರಾಯ್ಸ್ ಜೇನು ಸವರಿ ಬೇಯಿಸಿದ ಹಬ್ಬದ ಹಂದಿಮಾಂಸ ಕೊಯ್ದು ಮೊದಲ ಚೂರು ನನ್ನ ತಟ್ಟೆಗೆ ಹಾಕಿ, “ಸಿಹಿ ಸಾಕಾ ನೇಡೀನಮ್ಮ?” ಎಂದು ಕೇಳಿದ. ಕುರ್ಚಿ ಕೈಗೆ ಸಿಕ್ಕಿದ್ದರೆ ಅವತ್ತು ನಾನು ಏನು ಮಾಡುತ್ತಿದ್ದೆನೋ ನನಗೇ ತಿಳಿಯದು.

ಮಾರನೆಯ ದಿನವೇ ಅವನ ಗೂಡನ್ನು ಸುತ್ತಿಗೆಯಿಂದ ಬಡಿದು ಕಿತ್ತುಹಾಕಿದೆ. ವಾಂಡಾ ಹೇಳಿದಂತೆ ಹೊಟ್ಟೆಗೆ ಸುತ್ತುವ ಅಗಲ ಪಟ್ಟಿ ತರಿಸಿಕೊಂಡೆ, ಪಿಸ್ತೂಲು ಅದರೊಳಗೆ. ಈಗ ನನ್ನನ್ನು ಯಾವ ಸೋಫಾದಲ್ಲಿ ಕುಕ್ಕಿದರೂ ಅದು ನನ್ನ ಜೊತೆಗಿರುತ್ತದೆ. ಇರುತ್ತಿತ್ತು. ನೀನು ಬಂದು ಕದಿಯುವ ತನಕ.

ಇನ್ನು ಅದಿಲ್ಲದೆ ನಾನು ಒಬ್ಬಳೇ ಇಲ್ಲಿರುವುದು ಹೇಗೆ? ನೆರೆಯವರು, ಪಾದ್ರಿ, ನಿನ್ನ ಚಿಕ್ಕಮ್ಮ, ಎಲ್ಲರದೂ ಒಂದೇ ರಾಗ: ಮಗಳ ಮನೆಯ ಹಿಂದಿನ ಕೋಣೆಗೆ ಹೋಗಿಬಿಡು. ರಾಯ್ಸ್ ಆಗಲೇ ಆ ಕೋಣೆಗೆ ಬಣ್ಣ ಹೊಡೆಸಿದ್ದಾನಂತೆ. ಥೂ! ಅವನ ಮನೆಯಲ್ಲಿ, ಅವನು ಕೂರಿಸಿದ ಕಡೆ ಕೂತು, ಅವನು ಕುರ್ಚಿ ತಂದಾಗ ಎದ್ದು ಬದುಕುವುದಕ್ಕಿಂತ ಇಲ್ಲೇ ಸಾಯುತ್ತೇನೆ. ನನ್ನ ಮನೆಯನ್ನು ಉಳಿಸಿಕೊಳ್ಳಲು ನನಗಿದ್ದ ಒಂದೇ ಧೈರ್ಯವನ್ನು ನನ್ನ ಮಗಳೇ ಕದ್ದಳಲ್ಲ, ಆ ಹೊಟ್ಟೆಯುರಿಯನ್ನು ಯಾರಿಗೆ ಹೇಳಲಿ?

ಒಂದು ಮಾತು ಮಾತ್ರ ತಲೆ ಕೊರೆಯುತ್ತಿದೆ. ಹುಟ್ಟಿದಾಗಿನಿಂದ ನೀನು ಪಿಸ್ತೂಲಿನ ಬಗ್ಗೆ ಒಂದು ಪ್ರಶ್ನೆ ಕೇಳಿದವಳಲ್ಲ, ಅಪ್ಪ ಬೇಟೆಗೆ ಕರೆದರೆ ಮಂಚದ ಕೆಳಗೆ ಅಡಗುತ್ತಿದ್ದೆ. ಈಸ್ಟರ್ ಸಂಜೆ ನನ್ನನ್ನು ಕಾರಿನಲ್ಲಿ ಮನೆಗೆ ಬಿಡುವಾಗ ಕೇಳಿದೆ: “ಅಮ್ಮಾ, ಅದರ ಟ್ರಿಗರ್ ಬಿಗಿ ಇರುತ್ತಾ? ಕೈ ನೋಯ್ತಿದ್ರೂ ಎಳೀಬೋದಾ?” ನನ್ನ ಕೀಲುನೋವಿನ ಬಗ್ಗೆ ಕೇಳುತ್ತಿದ್ದೀಯ ಎಂದುಕೊಂಡು, ಎಳೆಯಬಹುದು ಕಣೇ, ಹಗುರ ಇದೆ ಎಂದೆ.

ನನ್ನ ಪಿಸ್ತೂಲು ಶನಿವಾರದೊಳಗೆ ನನ್ನ ಕೈಗೆ ಬರಬೇಕು. ರಾಯ್ಸ್ ಕೈಯಲ್ಲಿ ಕಳಿಸಬೇಡ, ಟ್ಯಾನರ್ ಕೈಯಲ್ಲೂ ಬೇಡ. ನೀನೇ ತರಬೇಕು, ನೀನೊಬ್ಬಳೇ. ತರದಿದ್ದರೆ ಶೆರಿಫನಿಗೆ ಫೋನು ಮಾಡಿ ಕಳ್ಳತನವಾಗಿದೆ, ಕಳ್ಳಿ ನನ್ನ ಮಗಳು ಎಂದು ನಿನ್ನ ಹೆಸರು ಬರೆಸುತ್ತೇನೆ. ಬರೆಸುವುದಿಲ್ಲ ಎಂದುಕೊಂಡರೆ ನಿನಗೆ ನಿನ್ನ ತಾಯಿಯ ಪರಿಚಯವಿಲ್ಲ.

ಸಿಟ್ಟು ಇಳಿಯದ
ನಿನ್ನ ಅಮ್ಮ,
ನೇಡೀನ್

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಹರಿದು ಬರೆಯುತ್ತಿದ್ದೇನೆ. ಪಿಸ್ತೂಲಿನ ಜೊತೆ ನನ್ನ ಹೊಟ್ಟೆಪಟ್ಟಿಯೂ ಇಲ್ಲ. ಅಮ್ಮನ ಕೈಗೆ ಪಿಸ್ತೂಲು ಸಿಗಬಾರದು ಎನ್ನುವವಳಿಗೆ ಆ ಪಟ್ಟಿ ಯಾಕೆ ಬೇಕು? ಭಾನುವಾರ ರಾತ್ರಿಯಿಂದ ಇದನ್ನೇ ಯೋಚಿಸುತ್ತಾ ಕೂತಿದ್ದೇನೆ, ಮೇಲಿನದೆಲ್ಲ ಅದನ್ನು ಬರೆಯಲಾಗದೆ ಬರೆದದ್ದು. ನಿನ್ನ ಮಣಿಕಟ್ಟಿನದು ಓವನ್ನಿನ ಸುಟ್ಟ ಗಾಯವಲ್ಲ ಚಾರ್ಲಾ. ಓವನ್ನಿಗೆ ಬೆರಳುಗಳಿರುವುದಿಲ್ಲ, ಟವೆಲು ಜಾರಿದಾಗ ಆ ಗುರುತು ನಾನು ನೋಡಿದೆ. ಅವನು ಇರುವ ಮನೆಯಲ್ಲಿ ನೀನು ಪಿಸ್ತೂಲನ್ನು ಮೈಮೇಲೆ ಎಲ್ಲಿ ಕಟ್ಟಿಕೊಂಡರೂ ಅದು ಅವನ ಕೈಗೇ ಸಿಗುತ್ತದೆ ಮಗಳೇ, ನಿನ್ನ ಕೈಗಲ್ಲ. ಕಾಗದ ಸಿಕ್ಕ ದಿನ ಶಾಲೆಯಿಂದ ನೇರ ಇಲ್ಲಿಗೆ ಬಾ. ಬಟ್ಟೆಬರೆಗೆಂದೂ ಆ ಮನೆಗೆ ಹೋಗಬೇಡ, ಪಿಸ್ತೂಲಿಗೆಂದೂ ಹೋಗಬೇಡ. ಅದು ಅಲ್ಲೇ ಇದ್ದರೆ ಇರಲಿ, ಶೆರಿಫನ ಕಡೆಯವರು ಹೋಗಿ ತರುತ್ತಾರೆ. ನನಗೆ ನೀನು ಬಂದರೆ ಸಾಕು.