ನಾವು ತಿನ್ನದ ನಾಲ್ಕು ಕಿಲೋ ಸೇಬು

ಮನೆಖರ್ಚಿನ ಸಮೀಕ್ಷಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ವರ್ಷ ನೀವು ಸಮೀಕ್ಷೆ ನಡೆಸಿದ ಮೂವತ್ತು ದಿನಗಳಲ್ಲಿ ನಮ್ಮ ಮನೆಯವರು ನಾಲ್ಕು ಕಿಲೋ ಸೇಬು ತಿಂದೆವೆಂದು ನಿಮ್ಮ ಕಡತ ಹೇಳುತ್ತದೆ. ನಾವು ಒಂದು ಸೇಬನ್ನೂ ತಿಂದಿಲ್ಲ. ಇದೇನು ಮಹಾ ವಿಷಯ ಎಂದು ಪುಟ ತಿರುಗಿಸಬೇಡಿ. ಆ ಸೇಬು ಮತ್ತು ಅಂಥದ್ದೇ ಇನ್ನಷ್ಟು ಸಾಮಾನಿನ ಬಲದ ಮೇಲೆ ನಮ್ಮ ವಾರ್ಡಿನವರು ಸುಖವಾಗಿದ್ದಾರೆ ಎಂದು ನೀವು ತೀರ್ಮಾನಿಸಿದಿರಿ. ನಿಮ್ಮನ್ನು ನಂಬಿ ಸರ್ಕಾರ ನಮ್ಮ ಬೀದಿಯ ಅರ್ಧ ಬೆಲೆಯ ಔಷಧಿ ಅಂಗಡಿಗೆ ಬೀಗ ಜಡಿಯಿತು. ಬೀಗ ಬಿದ್ದ ಮೂರನೆಯ ತಿಂಗಳು ನನ್ನ ಹನ್ನೊಂದು ವರ್ಷದ ಮಗಳು ಫಿಟ್ಸ್ ಬಂದು ಶಾಲೆಯ ಮೆಟ್ಟಿಲ ಮೇಲೆ ಬಿದ್ದಳು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಹಾಕಿದ್ದಾರೆ. ಆ ಸೇಬಿಗೂ ಈ ಹೊಲಿಗೆಗೂ ಏನು ಸಂಬಂಧ ಎಂದು ಕೇಳುವ ತಾಳ್ಮೆ ನಿಮಗಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಇಲಾಖೆಯ ಹುಡುಗಿಯೊಬ್ಬಳು ಬಂದಿದ್ದಳು. ಒಳ್ಳೆಯ ಹುಡುಗಿ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಳು. ಚೀಟಿ ಎತ್ತಿ ಆರಿಸಿದ ಹನ್ನೆರಡು ಮನೆಗಳಲ್ಲಿ ನಮ್ಮದೂ ಒಂದು ಎಂದು ಬಹುಮಾನ ಬಂದವರಿಗೆ ಹೇಳುವ ಹಾಗೆ ಹೇಳಿ, ನೀಲಿ ರಟ್ಟಿನ ಒಂದು ಪುಸ್ತಕ ಕೊಟ್ಟಳು. ತಿಂಗಳಿಡೀ ಮನೆಗೆ ಏನು ತಂದಿರಿ, ಎಷ್ಟು ತಂದಿರಿ ಎಂದು ದಿನದಿನವೂ ಬರೆಯಬೇಕು. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು, ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಹೆಂಡತಿ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಾಳೆ. ಮನೆಯ ಖಜಾನೆ, ಅಡುಗೆ, ಆಡಳಿತ ಎಲ್ಲವೂ ನಮ್ಮ ಜೊತೆಗಿರುವ ಅತ್ತೆಯವರದು, ಅಂದರೆ ನನ್ನ ಹೆಂಡತಿಯ ತಾಯಿಯದು. ಪುಸ್ತಕ ಅವರ ಕೈಗೆ ಹೋಯಿತು.

ನಮ್ಮ ಅತ್ತೆ ವ್ಯಾಪಾರ ಮಾಡುವ ರೀತಿಯ ಬಗ್ಗೆ ನಿಮಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ಪುಸ್ತಕದಲ್ಲಿ ಅದಕ್ಕೆ ಅಂಕಣವೇ ಇಲ್ಲ. ಅವರು ತರಕಾರಿಗೆ ಹೋಗುವುದು ಅಂಗಡಿಯವನು ಗೋಣಿ ಮಡಚುವ ಹೊತ್ತಿಗೆ. ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಅವನು ವಾಪಸು ಹೊತ್ತೊಯ್ಯಲಾರ ಎಂಬುದು ಅವರಿಗೆ ಗೊತ್ತು. ಮೊಟ್ಟೆ ತಂದರೆ ಬಿರುಕು ಬಿಟ್ಟದ್ದು, ಬ್ರೆಡ್ ತಂದರೆ ನಿನ್ನೆಯದು, ಬಿಸ್ಕತ್ತು ತಂದರೆ ಡಬ್ಬದ ತಳದ ಚೂರು. "ಬಂದ್ರು ನೋಡಿ ನಮ್ಮ ಹಣಕಾಸು ಮಂತ್ರಿ" ಎಂದು ತರಕಾರಿಯವನು ರೇಗಿಸಿದರೆ, "ನಾನು ಮಂತ್ರಿ ಆಗಿದ್ದಿದ್ರೆ ಮೊದಲು ನಿನ್ನ ತಕ್ಕಡಿನೇ ನೋಡ್ತಿದ್ದೆ ಕಣಪ್ಪಾ, ತೂಗು ಸರಿಯಾಗಿ" ಎನ್ನುತ್ತಾರೆ. ನಾಲ್ವರ ಸಂಸಾರವನ್ನು ಎರಡು ಸಣ್ಣ ಸಂಬಳದಲ್ಲಿ, ಯಾರ ಮುಂದೆಯೂ ಕೈ ಚಾಚದೆ ಅವರು ನಡೆಸಿಕೊಂಡು ಬಂದಿದ್ದಾರೆ. ದೇಶ ನಡೆಸುವವರ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಂಥ ಹೆಂಗಸು ನಿಮ್ಮ ಪುಸ್ತಕದಲ್ಲಿ ಏನು ಬರೆದರು? ಹುಡುಗಿ, "ಅಜ್ಜಿ, ಇದ್ದಿದ್ದು ಇದ್ದ ಹಾಗೆ ಬರೀರಿ, ನಿಮ್ಮ ಹೆಸರು ಎಲ್ಲೂ ಬರಲ್ಲ" ಎಂದು ಹೇಳಿ ಹೋಗಿದ್ದಳು. ಅತ್ತೆ ರಟ್ಟು ತೆಗೆದು ನೋಡಿದರೆ ಮೊದಲ ಪುಟದಲ್ಲೇ ದಪ್ಪಕ್ಷರದ ಸಾಲು: ಮನೆಯ ಯಜಮಾನನ ಹೆಸರು, ಉದ್ಯೋಗ. ಅಲ್ಲಿ ನನ್ನ ಹೆಸರು ಬರೆದಾದ ಮೇಲೆ, ಅದರ ಕೆಳಗೆ ಬಿರುಕು ಬಿಟ್ಟ ಮೊಟ್ಟೆ ಎಂದು ಬರೆಯಲು ಅವರಿಗೆ ಕೈ ಬರಲಿಲ್ಲ. ಬರೀ ಮೊಟ್ಟೆ ಎಂದು ಬರೆದರು. ಆರರ ಬದಲು ಹನ್ನೆರಡು ಎಂದು ಬರೆದರು. ಹಾಲು ದಿನಕ್ಕೆ ಎರಡು ಲೀಟರ್ ಆಯಿತು. ಎರಡನೆಯ ವಾರ ಸೇಬು ಬಂತು. ಒಮ್ಮೆ ಕೈ ಓಡಿದ ಮೇಲೆ ನಿಲ್ಲಿಸುವುದು ಕಷ್ಟವಂತೆ. ಕಾಗದದ ಮೇಲಾದರೂ ಮೊಮ್ಮಗಳಿಗೆ ಹಣ್ಣು ತಿನ್ನಿಸಿದರು. ತಿಂಗಳ ಕೊನೆಗೆ ಬಂದ ಹುಡುಗಿ, ಅಕ್ಷರ ಮುತ್ತಿನಂತಿದೆ ಎಂದು ಹೊಗಳಿ ಪುಸ್ತಕ ತೆಗೆದುಕೊಂಡು ಹೋದಳು. ಇದೊಂದೂ ನನಗೆ ಗೊತ್ತಿರಲಿಲ್ಲ.

ಎಂಟು ತಿಂಗಳ ನಂತರ ನಿಮ್ಮ ವರದಿ ಅಚ್ಚಿಗೆ ಬಂದದ್ದು ನಮ್ಮ ಮುದ್ರಣಾಲಯಕ್ಕೇ. ಇನ್ನೂರ ಹನ್ನೆರಡು ಪುಟ. ಕಿಟಕಿ ಪಕ್ಕದ ಮೇಜಿನಲ್ಲಿ, ಮೇಲೆ ಗರಗರ ಎನ್ನುವ ಫ್ಯಾನಿನ ಕೆಳಗೆ, ಪುಟ ಹಾರದಂತೆ ಸ್ಟೀಲ್ ಲೋಟ ಇಟ್ಟುಕೊಂಡು ನಾಲ್ಕು ದಿನ ಓದಿದೆ. ಹದಿನೇಳನೆಯ ಕೋಷ್ಟಕ ನಮ್ಮ ವಾರ್ಡಿನದು: ಸಣ್ಣ ಸಂಬಳದ ಕುಟುಂಬಗಳು ತಿನ್ನುವ ಹಣ್ಣು, ಹಾಲು, ಮೊಟ್ಟೆ, ಮೀನು. ಪುಟ ಜೋಡಿಸುವವನನ್ನು ಕರೆದು, "ಯಾರಪ್ಪಾ ಇವ್ರು, ನಮ್ಮ ಥರದೋರೇ ಅಂತೆ, ಹೀಗೆ ಹಣ್ಣು ತಿಂತಾರಂತೆ" ಎಂದೆ. "ನಿಮ್ಮ ಮನೇಲಿ ನಿಮಗೆ ಕೊಡದೆ ಅವರೇ ತಿಂತಿರಬೇಕು ಬಿಡಿ" ಎಂದ. ಇಬ್ಬರೂ ನಕ್ಕೆವು. ಒಂದು ಅಲ್ಪವಿರಾಮ ಸೇರಿಸಿ, ಒಂದು ದೀರ್ಘ ತಿದ್ದಿ, ತಪ್ಪಿಲ್ಲ ಎಂದು ಮೂಲೆಯಲ್ಲಿ ಸಹಿ ಹಾಕಿದೆ. ನನ್ನ ಕೆಲಸ ಅಕ್ಷರ ನೋಡುವುದು, ಅಂಕಿಯ ಸತ್ಯ ನೋಡುವುದಲ್ಲ ಎಂದು ಇಪ್ಪತ್ತಾರು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಸಂಬಳ ತೆಗೆದುಕೊಂಡಿದ್ದೇನೆ. ಈ ವಿಷಯದಲ್ಲಿ ನೀವೂ ನಾನೂ ಒಂದೇ ಕಸುಬಿನವರು.

ಆಮೇಲೆ ಹಣಕಾಸು ಸಚಿವರ ಭಾಷಣ ಬಂತು. ದೇಶದ ಸಾಲ ಮಿತಿಮೀರಿದೆ, ಬಡ್ಡಿ ಕಟ್ಟುವುದೇ ಕಷ್ಟವಾಗಿದೆ, ಅನುಕೂಲಸ್ಥರಿಗೆ ರಿಯಾಯಿತಿ ಕೊಡುವ ಕಾಲ ಮುಗಿಯಿತು ಎಂದರು. ಅನುಕೂಲಸ್ಥರು ಯಾರೆಂದು ಹೇಳಲು ನಿಮ್ಮ ವರದಿ ಸಿದ್ಧವಾಗಿತ್ತು. ಎರಡೇ ವಾರದಲ್ಲಿ ಔಷಧಿ ಅಂಗಡಿಯ ಷಟರ್ ಮೇಲೆ ನೋಟಿಸು ಅಂಟಿಸಿದರು. ಅದನ್ನು ಬರೆದುಕೊಂಡು ಬಂದು ಮನೆಯಲ್ಲಿ ಓದಿದೆ: ಈ ವಾರ್ಡಿನ ಕುಟುಂಬಗಳ ಆಹಾರದ ಖರ್ಚು ನಿಗದಿತ ಮಟ್ಟ ಮೀರಿರುವುದರಿಂದ. ನನ್ನ ಹೆಂಡತಿ, "ಯಾವ ಕುಟುಂಬಗಳಂತೆ? ಹೆಸರು ಹೇಳ್ಲಿ ನೋಡೋಣ" ಎಂದು ಸಿಡುಕಿದಳು. ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ನಂದೇ ತಪ್ಪು" ಎಂದರು.

ಏನು ತಪ್ಪು ಎಂದು ನಮಗೆ ಅರ್ಥವಾಗಲು ಕಾಲು ಗಂಟೆ ಬೇಕಾಯಿತು. ಅರ್ಥವಾದ ಮೇಲೆ ನನ್ನ ಹೆಂಡತಿ, "ಅಲ್ಲಮ್ಮಾ, ಯಾರು ಕೇಳಿದ್ರು ನಿನ್ನ ಸೇಬು?" ಎಂದು ಕೂಗಾಡಿದಳು. ಅತ್ತೆ ನನ್ನ ಕಡೆ ನೋಡಲಿಲ್ಲ. "ಅಳಿಯಂದ್ರು ಅಷ್ಟು ದೊಡ್ಡ ಪ್ರೆಸ್ಸಲ್ಲಿ ಓದೋ ಬರೆಯೋ ಕೆಲಸ ಮಾಡೋರು. ಅವರ ಹೆಸರಿನ ಕೆಳಗೆ ಆ ಒಡಕು ಮೊಟ್ಟೆ ಹೇಗೆ ಬರೀಲಿ? ಮಗಳ ಮನೇಲಿ ಇದ್ಕೊಂಡು, ಉಣ್ಣೋ ಮನೆ ಮರ್ಯಾದೆ ನಾನೇ ಕಳೀಲಾ?" ಎಂದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಮಾನ ಕಾಪಾಡಲು ಇಷ್ಟು ಶ್ರಮಪಟ್ಟವರು ಇನ್ನೊಬ್ಬರಿಲ್ಲ.

ಉಳಿದ ಹನ್ನೊಂದು ಮನೆಗಳಲ್ಲಿ ನನಗೆ ಪರಿಚಯವಿದ್ದ ಮೂರಕ್ಕೆ ಹೋಗಿ ಕೇಳಿದೆ. ಕ್ಷೌರದಂಗಡಿಯವನು ತಲೆ ಕೆರೆದುಕೊಂಡು, "ಓದಿದ ಹುಡುಗಿ ಸಾರ್, ದಿನಾ ಬರೀ ಆಲೂಗಡ್ಡೆ ಆಲೂಗಡ್ಡೆ ಅಂತ ಬರೆಯೋಕೆ ಒಂಥರಾ ಆಯ್ತು, ಸ್ವಲ್ಪ ಮೀನು ಹಾಕ್ದೆ" ಎಂದ. ನಿವೃತ್ತ ಅಂಚೆಯವರು ಬೆಣ್ಣೆ ಹಾಕಿದ್ದರು. ಹಾಗಾದರೆ ಕಡಿಮೆ ಬರೆದವರು ಯಾರೂ ಇಲ್ಲವೇ? ಇದ್ದಾರೆ. ನಮ್ಮ ಬೀದಿಯಲ್ಲಿ ಮೂರು ಕಟ್ಟಡ ಬಾಡಿಗೆಗೆ ಕೊಟ್ಟಿರುವ ಯಜಮಾನರು, ನಿಮ್ಮ ಹುಡುಗಿಯನ್ನು ತೆರಿಗೆಯವಳೆಂದು ತಿಳಿದು, ತಿಂಗಳಿಡೀ ಗಂಜಿ ಕುಡಿದೆವೆಂದು ಬರೆಸಿದ್ದಾರೆ. "ನಾನೇನು ದಡ್ಡನಾ?" ಎಂದು ನನ್ನನ್ನೇ ಕೇಳಿದರು. ಅಂದರೆ, ಮಾನ್ಯರೇ, ನಿಮ್ಮ ಕೋಷ್ಟಕದಲ್ಲಿ ಇಲ್ಲದವರು ಉಂಡಿದ್ದಾರೆ, ಇದ್ದವರು ಉಪವಾಸ ಬಿದ್ದಿದ್ದಾರೆ. ನೀವು ಅದನ್ನು ಕೂಡಿಸಿ, ಭಾಗಿಸಿ, ದಶಾಂಶದ ಎರಡು ಸ್ಥಾನದವರೆಗೆ ತಂದು ದೇಶಕ್ಕೆ ಒಪ್ಪಿಸಿದ್ದೀರಿ. ಯಾವ ಮನೆಯ ಅಡುಗೆಕೋಣೆಗಾದರೂ ನಿಮ್ಮವರು ಒಮ್ಮೆ ಇಣುಕಿ ನೋಡಿದರೇ?

ನಿಮ್ಮ ಕಚೇರಿಗೂ ಅರ್ಧ ದಿನದ ಸಂಬಳ ಬಿಟ್ಟು ಹೋಗಿದ್ದೆ. ಕಿಟಕಿಯ ಗುಮಾಸ್ತರು ಕೇಳಿಸಿಕೊಂಡರು, ಅದು ಸುಳ್ಳಲ್ಲ. ಆಮೇಲೆ, "ನೋಡಿ, ಅದು ಪ್ರಿಂಟ್ ಆಗೋಗಿದೆ. ಪ್ರಿಂಟ್ ಆದ್ಮೇಲೆ ತಿದ್ದೋಕೆ ಬರಲ್ಲ" ಎಂದರು. ಬದುಕಿಡೀ ತಿದ್ದುವುದನ್ನೇ ಮಾಡಿದವನಿಗೆ ಈ ಮಾತು! ಪುಸ್ತಕದ ಕೊನೆಗೆ ತಪ್ಪು-ಒಪ್ಪುಗಳ ಪಟ್ಟಿ ಅಂಟಿಸುವ ಪದ್ಧತಿ ಇದೆ ಎಂದೆ. ಅವರು ದನಿ ತಗ್ಗಿಸಿ, "ಸಮೀಕ್ಷೆಗೆ ಸುಳ್ಳು ಮಾಹಿತಿ ಕೊಟ್ರೆ ದಂಡ ಇದೆ. ಸುಮ್ನೆ ಮೈಮೇಲೆ ಎಳ್ಕೋಬೇಡಿ, ಮನೆಗೆ ಹೋಗಿ" ಎಂದು ಬುದ್ಧಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ, ಮೂರು ತಿಂಗಳು ಮುಚ್ಚಿಕೊಂಡೇ ಇದ್ದೆ.

ಈಗ ಸುಳ್ಳಿನ ವಿಷಯಕ್ಕೆ ಬರೋಣ. ಸಾಲ ಕೊಡುವ ಹೊರದೇಶದವರು ನಮ್ಮ ಊರಿಗೆ ಬಂದ ವಾರ ಮುಖ್ಯರಸ್ತೆಗೆ ರಾತ್ರೋರಾತ್ರಿ ಡಾಂಬರು ಬಿತ್ತು, ಆಸ್ಪತ್ರೆಯ ಮುಂಭಾಗಕ್ಕೆ ಮಾತ್ರ ಸುಣ್ಣ ಬಳಿದರು, ಕುಂಡದ ಗಿಡಗಳು ಲಾರಿಯಲ್ಲಿ ಬಂದು ಲಾರಿಯಲ್ಲೇ ಹೋದವು. ಅವರ ಮುಂದೆ ಇಟ್ಟ ಕಡತಗಳಲ್ಲಿ ಎಷ್ಟು ಲೀಟರ್ ಹಾಲು ಬರೆದಿದ್ದಿರೋ ನನಗೆ ಗೊತ್ತಿಲ್ಲ. ಸರ್ಕಾರ ಮಾಡಿದರೆ ಅದು ದೇಶದ ಘನತೆ, ಮುದುಕಿ ಮಾಡಿದರೆ ದಂಡನೀಯ ಅಪರಾಧ. ಆ ಸಾಲದ ಹಣ ನಮ್ಮ ಬೀದಿಗೆ ಬಂದದ್ದನ್ನು ನಾನು ಕಂಡಿಲ್ಲ, ಬಡ್ಡಿ ಮಾತ್ರ ಬಾಗಿಲು ಹುಡುಕಿಕೊಂಡು ಬಂತು. ದೇಶದ ಸಾಲ ತೀರಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಅದು ನನ್ನ ಮಗಳ ಮಾತ್ರೆಯಿಂದ ಶುರುವಾಗಬೇಕೆಂದು ಯಾರು ಹೇಳಿದರು?

ಆ ಮಾತ್ರೆಯ ಖರ್ಚು ಮೊದಲು ತಿಂಗಳಿಗೆ ನನ್ನ ಮೂರು ದಿನದ ಸಂಬಳ, ಈಗ ಆರು ದಿನದ್ದು. ಎರಡು ತಿಂಗಳು ಹೇಗೋ ಹೊಂದಿಸಿದೆವು. ಮೂರನೆಯ ತಿಂಗಳು ಸಂಬಳಕ್ಕೆ ಐದು ದಿನವಿರುವಾಗ ಡಬ್ಬಿ ಬರಿದಾಗುತ್ತ ಬಂತು. ದಿನಕ್ಕೆ ಎರಡರ ಬದಲು ಒಂದು ಕೊಡೋಣ, ಐದೇ ದಿನ ತಾನೆ, ಎರಡು ವರ್ಷದಿಂದ ಫಿಟ್ಸ್ ಬಂದಿಲ್ಲವಲ್ಲ ಎಂದವನು ನಾನು. ಹೆಂಡತಿ ಬೇಡವೆಂದಳು. ಯಾರ ಹತ್ತಿರವಾದರೂ ಕೈಗಡ ಕೇಳಿ ಎಂದಳು. ಕೇಳಲು ನನಗೆ ನಾಚಿಕೆಯಾಯಿತು. ಹೌದು, ಅತ್ತೆಗೆ ಆದ ನಾಚಿಕೆಯೇ. ನಾಲ್ಕನೆಯ ದಿನ ಶಾಲೆಯಿಂದ ಮುದ್ರಣಾಲಯಕ್ಕೆ ಫೋನ್ ಬಂತು. ಹೊಲಿಗೆ ಹಾಕಿಸಿಕೊಂಡು ಬಂದ ಮಗಳು, "ಅಪ್ಪಾ, ಎಲ್ಲರೂ ನೋಡ್ಬಿಟ್ರು" ಎಂದಳು. ಈ ತಪ್ಪಿನಲ್ಲಿ ನನ್ನ ಪಾಲನ್ನು ನಿಮ್ಮ ತಲೆಗೆ ಕಟ್ಟಲು ನಾನು ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಪಾಲನ್ನು ನೀವು ಒಪ್ಪಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ನಿಮಗೆ ಕಳಿಸುವುದರ ಜೊತೆಗೆ ಪತ್ರಿಕೆಯಲ್ಲೂ ಹಾಕಿಸಬೇಕೆಂದು ಇಷ್ಟು ಬರೆದು ನಿನ್ನೆ ಮನೆಯಲ್ಲಿ ಓದಿ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು ಎದ್ದು ಹೋದರು. ಬೇಜಾರಾಯಿತೇನೋ ಎಂದುಕೊಂಡೆ. ಇವತ್ತು ಬೆಳಿಗ್ಗೆ ಒಂದು ಹಾಳೆ ತಂದು ಕೊಟ್ಟು, "ಅಳಿಯಂದ್ರೇ, ಈ ತಿಂಗಳದ್ದು ಸರಿಯಾಗಿ ಬರ್ದಿದೀನಿ. ಇದನ್ನೂ ಪೇಪರ್‌ಗೆ ಹಾಕ್ಸಿ. ಓದೋರು ಓದ್ಕೊಳ್ಲಿ" ಎಂದರು. ಹಾಕಿಸುತ್ತಿದ್ದೇನೆ, ಒಂದಕ್ಷರವನ್ನೂ ತಿದ್ದದೆ.

"ಒಡಕು ಮೊಟ್ಟೆ ಹದಿನಾಲ್ಕು. ಹಾಲು ದಿನಕ್ಕೆ ಅರ್ಧ ಲೀಟರು, ಮಗುವಿಗೆ ಮಾತ್ರ. ಹಳೇ ಬ್ರೆಡ್ಡು ಒಂಬತ್ತು. ಆಲೂಗಡ್ಡೆ ಹತ್ತು ಕಿಲೋ, ಈರುಳ್ಳಿ ಮೂರು. ಹಣ್ಣು ಇಲ್ಲ. ಸೋಪು ಎರಡು. ಮಗುವಿನ ಮಾತ್ರೆ ಪೂರ್ತಿ. ನನ್ನ ಪ್ರೆಶರ್ ಮಾತ್ರೆ ಇಲ್ಲ, ಅಂಗಡಿ ಮುಚ್ಚಿದಾಗಿನಿಂದ ಇಲ್ಲ."

ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಅಂಗಡಿ ಮುಚ್ಚಿದಾಗ ಅತ್ತೆ, ನನ್ನ ಮಾತ್ರೆ ನಾನೇ ತಂದುಕೊಳ್ಳುತ್ತೇನೆ, ಅದರ ಯೋಚನೆ ನಿಮಗೆ ಬೇಡ ಎಂದಿದ್ದರು. ನಾವು ನಂಬಿದೆವು. ನಾಲ್ಕು ತಿಂಗಳಾಯಿತು. ಹೆಂಡತಿ ಹಾಳೆ ಕಸಿದು ಓದಿ, ತಾಯಿಯ ಕೈ ಹಿಡಿದುಕೊಂಡು ಅಳುತ್ತಾ ಕೂತಿದ್ದಾಳೆ. ಇವತ್ತು ಇಬ್ಬರೂ ಡಾಕ್ಟರ ಹತ್ತಿರ ಹೋಗುತ್ತಾರೆ.

ಆದ್ದರಿಂದ ಕೇಳುತ್ತಿದ್ದೇನೆ. ಹದಿನೇಳನೆಯ ಕೋಷ್ಟಕ ಸುಳ್ಳು ಎಂದು ಸರ್ಕಾರಕ್ಕೆ ನಿಮ್ಮ ಸಹಿಯೊಂದಿಗೆ ಬರೆದು ಕೊಡಿ. ದಂಡ ಹಾಕಲೇಬೇಕೆಂದಿದ್ದರೆ ಯಜಮಾನನ ಹೆಸರು ನಿಮ್ಮ ಪುಸ್ತಕದಲ್ಲಿ ದಪ್ಪಕ್ಷರದಲ್ಲಿದೆ, ಅವನಿಗೇ ಹಾಕಿ, ಮುದುಕಿಯ ತಂಟೆಗೆ ಹೋಗಬೇಡಿ. ಒಂದನೇ ತಾರೀಕಿನೊಳಗೆ ಆ ಅಂಗಡಿಯ ಬೀಗ ತೆಗೆಸಿ. ಅಲ್ಲಿ ಒಬ್ಬರ ಮಾತ್ರೆ ಸಿಕ್ಕರೆ ಸಾಕೆಂದು ನಿನ್ನೆಯವರೆಗೆ ಬರೆದಿದ್ದೆ. ಇವತ್ತು ನನಗೆ ಇಬ್ಬರ ಮಾತ್ರೆ ಬೇಕು.

ಇಂತಿ,
ನಿಮ್ಮ ವರದಿಯ ಇನ್ನೂರ ಹನ್ನೆರಡು ಪುಟಗಳಲ್ಲಿ ತಪ್ಪಿಲ್ಲವೆಂದು ಸಹಿ ಹಾಕಿದ,
ನಿಮ್ಮ ಪ್ರಕಾರ ಅನುಕೂಲಸ್ಥನಾದ,
ಕರಡು ತಿದ್ದುವವನು