ಎರಡನೆಯ ಬ್ರೇಕ್

ಮಾರ್ಚ್ 4, ಬೆಳಿಗ್ಗೆ 9.10

ಮತ್ತೆ ಬಂತು. ರಿವರ್ಸ್ ಪಾರ್ಕಿಂಗ್ ಕಲಿಸುತ್ತಿದ್ದಾಗ. ಆರು ನಿಮಿಷ. ನಾಡಿ 128. ಕ್ಲಚ್ ಒತ್ತದೆ ಗೇರ್ ಬದಲಿಸಿದರೆ ಆಗುತ್ತದಲ್ಲ, ಹಾಗೆ ಎದೆಯೊಳಗೆ ಒಂದು ಗರಕ್ — ಆಮೇಲೆ ಇಂಜಿನ್ ತನ್ನಷ್ಟಕ್ಕೆ ರೇಸ್. ಎಡಗಡೆ ಪಕ್ಕೆಲುಬಿನ ಸಂದಿಯಲ್ಲಿ ಸೂಜಿ. ಬೆರಳ ತುದಿ ಜೋಮು. ಆಮೇಲೆ ಏನೂ ಇಲ್ಲ. ಅಂಗಿ ಒದ್ದೆ, ಅಷ್ಟೆ.

ಬರೆದಿಡಿ ಅಂದವರು ಹಾರ್ಟ್ ಡಾಕ್ಟರು. ದಿನ, ಹೊತ್ತು, ಏನು ಮಾಡುತ್ತಿದ್ದಿರಿ, ಎಷ್ಟು ನಿಮಿಷ. ಬರೆದೆ, ಒಯ್ದೆ. ಪುಸ್ತಕ ತೆರೆಯಲೇ ಇಲ್ಲ. ಅದರ ಮೇಲೆ ತಮ್ಮ ಫೋನ್ ಇಟ್ಟುಕೊಂಡರು. ಆದರೂ ಬರೆಯುವ ಚಟ ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಯುವವರ ತಪ್ಪು ಬರೆದಿಟ್ಟವನು — ಕನ್ನಡಿ ನೋಡಲಿಲ್ಲ, ಇಂಡಿಕೇಟರ್ ಮರೆತ, ಕ್ಲಚ್ ಎಗರಿಸಿದಳು. ಈಗ ನನಗೇ ಒಂದು ಪುಟ.

ಇಲ್ಲಿಯವರೆಗಿನ ಮೊತ್ತ: ಇಸಿಜಿ ಒಂಬತ್ತು. ಎಕೋ ಎರಡು. ಟ್ರೆಡ್‌ಮಿಲ್ ಒಂದು — ಓಡಿದೆ, ನರ್ಸ್ ಶಹಭಾಸ್ ಅಂದಳು. ಎದೆಗೆ ವೈರು ಅಂಟಿಸಿಕೊಂಡು ಇಪ್ಪತ್ನಾಲ್ಕು ಗಂಟೆ ತಿರುಗಿದ್ದು ಎರಡು ಸಲ. ಆ ಎರಡೂ ದಿನ ಹೃದಯ, ಇನ್‌ಸ್ಪೆಕ್ಷನ್‌ಗೆ ಸಾಹೇಬರು ಬಂದಾಗಿನ ಶಾಲೆಯ ಹಾಗೆ, ಕೈಕಟ್ಟಿ ಕೂತಿತ್ತು. ಎಲ್ಲ ನಾರ್ಮಲ್.

ಮಾರ್ಚ್ 6

ಎಮರ್ಜೆನ್ಸಿಗೆ ಈ ವರ್ಷದ ನಾಲ್ಕನೇ ಸಲ. ಅಲ್ಲಿನ ಕಾಂಪೌಂಡರ್ ನನ್ನನ್ನು ಕಂಡ ಕೂಡಲೇ ಇಸಿಜಿ ಮೆಷಿನ್ ಎಳೆದುಕೊಂಡು ಬರುತ್ತಾನೆ, ಹೋಟೆಲಿನವನು ಖಾಯಂ ಗಿರಾಕಿಗೆ ಕಾಫಿ ತರುವ ಹಾಗೆ. ಹತ್ತನೆಯದು. ನಾರ್ಮಲ್.

ವಾಪಸ್ ಬರುವಾಗ ಹೆಂಡತಿ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು.

“ಇಷ್ಟು ಜನ ಏನೂ ಇಲ್ಲ ಅಂತ ಬರ್ದು ಕೊಟ್ಟಿದಾರೆ. ಯಾರಾದ್ರೂ ಒಬ್ರನ್ನ ನಂಬ್ರೀ.”

“ನೋವು ನಂದು ಕಣೇ.”

“ನೋವು ನಿಮ್ದು. ಚಪ್ಪಲಿ ಮೆಟ್ಕೊಂಡು ಓಡೋಳು ನಾನು.”

ಕಾಲು ಮುರಿದಿದ್ದರೆ ತೋರಿಸಬಹುದಿತ್ತು. ನನ್ನದು ಮೆಕ್ಯಾನಿಕ್ ಎದುರು ಸದ್ದು ಮಾಡದ ಗಾಡಿ.

ಮಾರ್ಚ್ 11

ಲಾಂಡ್ರಿ ಅಕ್ಕನ ಒಂಬತ್ತನೇ ಪಾಠ. ವಯಸ್ಸು ನಲವತ್ತಾರು. ಗಂಡ ಮೆಟ್ಟಿಲಿಂದ ಜಾರಿ ತೊಡೆ ಮೂಳೆ ಮುರಿದುಕೊಂಡ. ಲಾಂಡ್ರಿಯ ವ್ಯಾನು ಬಾಗಿಲ ಮುಂದೆ ಧೂಳು ಹಿಡಿಯುತ್ತಿದೆ. ಲಾಡ್ಜುಗಳ ಹಾಸಿಗೆ ಬಟ್ಟೆಯನ್ನು ಆಕೆ ತಳ್ಳುಗಾಡಿಯಲ್ಲಿ ಮುಟ್ಟಿಸುತ್ತಿದ್ದಾರೆ. ಏಪ್ರಿಲ್ 9ಕ್ಕೆ ಲೈಸೆನ್ಸ್ ಟೆಸ್ಟ್. ಪಾಸಾಗದಿದ್ದರೆ ಇರುವ ಮೂರು ಲಾಡ್ಜೂ ಬೇರೆಯವರ ಪಾಲು.

ನನ್ನ ಕಾಲ ಬಳಿಯ ಪೆಡಲು ತೋರಿಸಿ ಕೇಳಿದರು:

“ಮೇಷ್ಟ್ರೇ, ನಿಮಗ್ಯಾಕೆ ಬೇರೆ ಬ್ರೇಕು?”

“ನಿಮ್ಮಂಥವರಿಂದ ಜೀವ ಉಳಿಸ್ಕೊಳ್ಳೋಕೆ.”

“ನಿಮ್ಮಿಂದ ನನ್ನ ಜೀವ ಉಳಿಸ್ಕೊಳ್ಳೋಕೆ ಎಲ್ಲಿದೆ?”

ನಕ್ಕೆವು. ಆಕೆ ನಗುವಾಗ ಸ್ಟೇರಿಂಗ್ ಬಿಟ್ಟುಬಿಡುತ್ತಾರೆ. ತಪ್ಪು ಎಂದು ಬರೆದುಕೊಂಡೆ.

ಎದೆ: 4 ನಿಮಿಷ, ಟೀ ಅಂಗಡಿ ಎದುರು. ಯಾರಿಗೂ ಹೇಳಲಿಲ್ಲ.

ಮಾರ್ಚ್ 19, ಮಧ್ಯಾಹ್ನ 3

ಸೇತುವೆಯ ಏರು. ಮುಂದೆ ರಸ್ತೆ ಖಾಲಿ. ಲಾಂಡ್ರಿ ಅಕ್ಕ ಮೂರನೇ ಗೇರಿನಲ್ಲಿ, ಮೊದಲ ಸಲ ಭುಜ ಸಡಿಲ ಬಿಟ್ಟು... ಚೆನ್ನಾಗಿ ಓಡಿಸುತ್ತಿದ್ದರು. ನಾನೇ ಹೇಳಿದೆ, ಇಳಿಜಾರು ಬರುತ್ತೆ, ಬ್ರೇಕಿನ ಮೇಲೆ ಕಾಲು ಸುಮ್ಮನೆ ಇಟ್ಟುಕೊಳ್ಳಿ. ಇಟ್ಟುಕೊಂಡರು.

ಆಗ ಬಂತು. ಗರಕ್. ಕೈ ಸೀಟಿನ ಅಂಚು ಹಿಡಿಯಿತು. ಕಾಲು — ಇಪ್ಪತ್ತೆರಡು ವರ್ಷ ಕಲಿತದ್ದನ್ನೇ ಮಾಡಿತು. ಭಯವಾದರೆ ಒತ್ತು. ಒತ್ತಿದೆ, ಪೂರ್ತಿ.

ಹಿಂದಿನಿಂದ ಸ್ಕೂಟರ್ ಬಂದು ಬಡಿಯಿತು. ಒಬ್ಬ ಡ್ರಾಯಿಂಗ್ ಮೇಷ್ಟ್ರು. ಬಲ ಮಣಿಕಟ್ಟು ಮುರಿದಿದೆ. ಬಲ.

ಎರಡೂ ಪೆಡಲಿಗೆ ಒಂದೇ ಸಲಾಕೆ. ನಾನು ಒತ್ತಿದರೆ ಅವರ ಪೆಡಲೂ ಅವರ ಕಾಲಡಿ ಇಳಿಯುತ್ತದೆ. ಆಕೆಗೆ ಅನಿಸಿದ್ದು ತಾನೇ ಒತ್ತಿದೆ ಎಂದು.

“ಯಾರಮ್ಮ ಬ್ರೇಕ್ ಹಾಕಿದ್ದು?” ಟ್ರಾಫಿಕ್ ಪೊಲೀಸ್.

“ನಾನೇ ಸಾರ್. ಕಾಲು ತಾನಾಗೇ ಹೋಗ್ಬಿಡ್ತು ಸಾರ್.”

ಪೊಲೀಸ್ ನನ್ನ ಕಡೆ ನೋಡಿದ. ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ ಅಂತ ಊರೆಲ್ಲ ಹೇಳುವುದು ನನ್ನನ್ನು ನೋಡಿಯೇ. ಆ ಬಾಯಿ ಬಿಡಲಿಲ್ಲ.

“ನೀವ್ಯಾಕ್ರೀ ಇಷ್ಟು ಬೆವರ್ತಿದೀರಿ? ಆರೋಗ್ಯ ಸರಿ ಇದೆ ತಾನೇ?”

“ಎಲ್ಲ ನಾರ್ಮಲ್.”

ಆ ಮಾತು ಮೊದಲ ಸಲ ನನ್ನ ಉಪಯೋಗಕ್ಕೆ ಬಂತು.

ಮಾರ್ಚ್ 20

ಎದೆ: ಇಲ್ಲ.

ಮಾರ್ಚ್ 28

ಲೈಸೆನ್ಸ್ ಆಫೀಸಿನಿಂದ ಕಾಗದ. ಏಪ್ರಿಲ್ 5, ಹತ್ತು ಗಂಟೆಗೆ ವಿಚಾರಣೆ. ಕಲಿಸುವವನ ಹೇಳಿಕೆ ಬೇಕು. ಕಲಿಯುವವರ ತಪ್ಪೆಂದು ಬರೆದರೆ ಆಕೆ ಒಂದು ವರ್ಷ ಟೆಸ್ಟಿಗೆ ಕೂರುವಂತಿಲ್ಲ. ನನ್ನ ತಪ್ಪೆಂದು ಬರೆದರೆ ನನ್ನ ಕಲಿಸುವ ಕಾರ್ಡು ಅವರ ಡ್ರಾಯರಿಗೆ.

ಅಕ್ಕ ಪಾಠಕ್ಕೆ ಬರುವುದು ನಿಲ್ಲಿಸಿದ್ದಾರೆ. ಗಂಡನಿಗೆ ಫೋನ್ ಮಾಡಿದೆ.

“ಏನ್ ಹೇಳ್ಲಿ ಮೇಷ್ಟ್ರೇ. ಚಪ್ಪಲಿ ಹಾಕ್ಕೊಳ್ಳೋಕೆ ಕೂತ್ರೆ ಅಲ್ಲೇ ಕೂತಿರ್ತಾಳೆ, ಕಾಲು ನೋಡ್ಕೊಂಡು. ಯಾರದೋ ಕಾಲು ಅನ್ನೋ ಹಾಗೆ.”

ಫೋನ್ ಇಟ್ಟ ಮೇಲೆ ಹೆಂಡತಿ ಯಾರದು ಅಂದಳು. ಯಾರೂ ಅಲ್ಲ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದೆ ಮುಟ್ಟಿ ನೋಡಿಕೊಂಡೆ. ನಾಡಿ 76.

ಇವತ್ತು ಬಂದಿದ್ದರೆ ಒಂದು ನೆಮ್ಮದಿ ಇರುತ್ತಿತ್ತು. ಬರಲಿಲ್ಲ.

ಏಪ್ರಿಲ್ 2

ಹಾರ್ಟ್ ಡಾಕ್ಟರ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಒಂದು ಚೂರು ಏನೋ ಇದೆ ಅಂತ ಬರೆದುಕೊಡಿ.

ನಕ್ಕರು. “ಜನ ಏನಿಲ್ಲ ಅಂತ ಬರೆಸ್ಕೊಳ್ಳೋಕೆ ಬರ್ತಾರೆ. ನೀವೊಬ್ರು.”

“ಸುಳ್ಳು ಬರೀಬೇಡಿ. ನೋವು ಬರತ್ತೆ ಅಂತ ಬರೀರಿ.”

“ನೋವು ಸುಳ್ಳು ಅಂತ ನಾನು ಯಾವತ್ತೂ ಅಂದಿಲ್ಲ. ಹೃದಯದಲ್ಲಿಲ್ಲ ಅಂದೆ.”

“ಮತ್ತೆಲ್ಲಿದೆ?”

ಆ ಪ್ರಶ್ನೆಗೆ ಅವರು ಮೊದಲ ಸಲ ಪೆನ್ನು ಕೆಳಗಿಟ್ಟರು. ಗೊತ್ತಿಲ್ಲ, ಅಂದರು. ನರಗಳಿರಬಹುದು, ಹೆದರಿಕೆ ಇರಬಹುದು, ಹೆದರಿಕೆಯೂ ಕಾಯಿಲೆಯೇ, ಮದ್ದಿದೆ. ಇನ್ನೊಬ್ಬ ಡಾಕ್ಟರಿಗೆ ಚೀಟಿ ಕೊಟ್ಟರು. ಅಲ್ಲಿ ಸರದಿ ಮೇ 16ಕ್ಕೆ.

ಐದನೇ ತಾರೀಕಿಗೆ ಕೈಯಲ್ಲಿರುವುದು: ಹದಿನೈದು ವರದಿ, ಹದಿನೈದೂ ನನ್ನ ಪರ. ಅಂದರೆ ಲಾಂಡ್ರಿ ಅಕ್ಕನ ವಿರುದ್ಧ.

ಏಪ್ರಿಲ್ 5, ಬೆಳಿಗ್ಗೆ 9.40

ಆಫೀಸಿನ ಬೆಂಚು. ಅಕ್ಕ ಪಕ್ಕದಲ್ಲಿ. ಹೇಳಿಬಿಟ್ಟೆ. ಸುತ್ತಿ ಬಳಸಿ ಅಲ್ಲ, ಐದು ವಾಕ್ಯ.

ಬಲಗಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದು ನೋಡಿಕೊಂಡರು.

“ಹದಿನೇಳು ದಿನ ಮೇಷ್ಟ್ರೇ. ಹದಿನೇಳು ದಿನ ಈ ಕಾಲನ್ನ ಬೈದಿದೀನಿ. ಆ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋಗಿ ಅವರ ಹೆಂಡ್ತಿ ಎದುರು ಕೈ ಮುಗ್ದು ನಿಂತಿದೀನಿ.”

“ತಪ್ಪಾಯ್ತು.”

“ಅದನ್ನ ನನಗೆ ಹೇಳಿದ್ರೆ ಏನ್ ಬಂತು? ಒಳಗೆ ಹೇಳಿ.”

ಬೆಂಚಿನ ಆ ತುದಿಗೆ ಸರಿದು ಕೂತಿದ್ದಾರೆ. ಇನ್ನೂ ಕರೆದಿಲ್ಲ.

ಏಪ್ರಿಲ್ 5, ಸಂಜೆ 6

ಹೇಳಿದೆ. ನಂಬಲಿಲ್ಲ.

ಅಧಿಕಾರಿ ಒಳ್ಳೆಯ ಮನುಷ್ಯ, ಅದೇ ತೊಂದರೆ. ನನ್ನ ಹದಿನೈದು ವರದಿ ಒಂದೊಂದಾಗಿ ತಿರುವಿದ. “ನಿಮ್ಮ ಹೃದಯ ನನ್ನ ಹೃದಯಕ್ಕಿಂತ ಚೆನ್ನಾಗಿದೆಯಲ್ರೀ. ಕಲಿಯೋ ಹೆಣ್ಣುಮಗಳು, ಮನೇಲಿ ಕಷ್ಟ, ಮರುಕಕ್ಕೆ ನೀವೇ ತಪ್ಪು ಹೊತ್ಕೊಳ್ತಿದೀರಿ. ಅರ್ಥ ಆಗತ್ತೆ. ಆದ್ರೆ ರೆಕಾರ್ಡಿಗೆ ಮರುಕ ಬರಲ್ಲ.”

ಎದೆ ಹಿಡಿದುಕೊಂಡು ತೋರಿಸೋಣ ಎಂದರೆ, ನಾಡಿ 74. ಬೇಕಾದಾಗ ಬರುವ ನೆಂಟನಲ್ಲ ಅದು.

ಅಕ್ಕ ಎದ್ದು ನಿಂತರು. “ಸಾರ್, ಇವರು ಮರುಕದ ಮನುಷ್ಯ ಆಗಿದ್ರೆ ಅವತ್ತೇ ಹೇಳ್ತಿದ್ರು.”

ಇಪ್ಪತ್ತೆರಡು ವರ್ಷದಲ್ಲಿ ನನ್ನ ಪರವಾಗಿ ಅಂಥ ಸಾಕ್ಷಿ ಯಾರೂ ಹೇಳಿಲ್ಲ. ಅಧಿಕಾರಿ ವರದಿಗಳನ್ನು ಪಕ್ಕಕ್ಕೆ ಸರಿಸಿದ.

ಜೇಬಿನಿಂದ ಕಲಿಸುವ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಕೇಳದೇ ಇಟ್ಟೆ. ಗ್ಯಾರೇಜಿನಲ್ಲಿ ಕಾರು ತೊಳೆಯುತ್ತಿದ್ದವನು ಆ ಕಾರ್ಡಿಗೆ ಎಂಟು ವರ್ಷ ಅಲೆದಿದ್ದೆ. ಅಧಿಕಾರಿ ಅದನ್ನು ತಿರುಗಿಸಿ ನನ್ನ ಹಳೆಯ ಫೋಟೋ ನೋಡಿದ, ನನ್ನನ್ನು ನೋಡಿದ. “ಇದು ವಾಪಸ್ ಬೇಕಾದ್ರೆ ಡಾಕ್ಟರ ಸರ್ಟಿಫಿಕೇಟ್ ಬೇಕಾಗತ್ತೆ. ಗೊತ್ತಲ್ಲ?”

“ಯಾವ ಥರದ್ದು?”

“ನೀವು ಫಿಟ್ ಅಂತ.”

“ಅದು ಹದಿನೈದಿದೆ.”

“ನಾರ್ಮಲ್ ಬೇರೆ, ಫಿಟ್ ಬೇರೆ.”

ಎರಡು ವರ್ಷದಿಂದ ಯಾರ ಬಾಯಿಂದಲಾದರೂ ಬರಲಿ ಎಂದು ಕಾಯುತ್ತಿದ್ದ ಮಾತು ಬಂದದ್ದು ಈ ಮೇಜಿನಿಂದ.

ಆಕೆಯ ಮೇಲಿನ ದೂರು ಹೊಡೆದು ಹಾಕಿದ. ಟೆಸ್ಟ್ ಒಂಬತ್ತಕ್ಕೇ.

ಅಲ್ಲಿಂದ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋದೆ. ಬಾಗಿಲಲ್ಲೇ ಹೇಳಿದೆ. ಅವರು ಎಡಗೈಯಿಂದ ಬಾಗಿಲು ಹಾಕಿಕೊಂಡರು. ಸರಿಯೇ.

ಏಪ್ರಿಲ್ 6

ಹೆಂಡತಿಗೆ ಕಾರ್ಡಿನ ವಿಷಯ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಒಗೆದ ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿದಳು.

“ಅಷ್ಟು ಆಗತ್ತಾ ನಿಮಗೆ?”

“ಆಗತ್ತೆ.”

“ಕಾಲು ಕೈ ಸ್ವಾಧೀನ ತಪ್ಪೋ ಅಷ್ಟು?”

“ಹೂಂ.”

ಪಕ್ಕದಲ್ಲಿ ಬಂದು ಕೂತಳು. ಆಮೇಲೆ ಎದ್ದು ಮಿಕ್ಕ ಬಟ್ಟೆ ಮಡಿಸಿದಳು. ಇನ್ನು ಮನೆ ಹೇಗೆ ನಡೆಯುವುದು ಎಂದು ಅವಳು ಕೇಳಲಿಲ್ಲ.

ಎದೆ: ಹನ್ನೊಂದು ನಿಮಿಷ, ಅವಳು ಕೂತಿದ್ದಾಗಲೇ. ಈವರೆಗಿನ ಅತಿ ಉದ್ದದ್ದು. ಹೇಳಿದರೆ ಕಡಿಮೆಯಾಗುತ್ತದೆ ಅಂದವರು ಯಾರೋ.

ಏಪ್ರಿಲ್ 8, ಬೆಳಿಗ್ಗೆ 7.30

ನಾಳೆ ಟೆಸ್ಟ್. ನಿನ್ನೆ ಲಾಂಡ್ರಿ ಅಕ್ಕ ಬಂದಿದ್ದರು. ಬಾಗಿಲಾಚೆಯೇ ನಿಂತು, ನೀರು ಕೂಡ ಬೇಡ ಅಂದರು.

“ಬೇರೆ ಮೇಷ್ಟ್ರುಗಳು ಎರಡು ದಿನಕ್ಕೆ ಆಗಲ್ಲ ಅಂದ್ರು. ಸೇತುವೆ ಅಂದ್ರೆ ಈಗ್ಲೂ ಕಾಲು ನಡುಗತ್ತೆ. ಕೆಡಿಸಿದೋರೇ ಸರಿ ಮಾಡ್ಬೇಕು.”

“ನನಗೆ ಕಾರ್ಡಿಲ್ಲ.”

“ನಮ್ಮ ವ್ಯಾನು. ನಮ್ಮನೆಯವರಿಗೆ ಲೈಸೆನ್ಸ್ ಇದೆ, ಹಿಂದೆ ಮೂಟೆ ಮೇಲೆ ಕಾಲು ಚಾಚ್ಕೊಂಡು ಕೂರ್ತಾರೆ. ನೀವು ಬಾಯಲ್ಲಿ ಹೇಳಿ ಸಾಕು. ಅದೊಂದು ನಿಮಗೆ ಬರತ್ತಲ್ಲ.”

ಕ್ಷಮಿಸಿದ ಮುಖವಲ್ಲ. ಕೆಲಸದ ಮುಖ.

ಬೇಡ ಅನ್ನಬೇಕಿತ್ತು. ಹೂಂ ಅಂದೆ.

ಹಾರ್ನ್ ಕೇಳಿಸುತ್ತಿದೆ. ವ್ಯಾನನ್ನು ಇಲ್ಲಿಯವರೆಗೆ ಆಕೆಯೇ ತಂದಿದ್ದಾರೆ, ಕಿಟಕಿಯಿಂದ ಕಾಣುತ್ತದೆ, ಚರಂಡಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿದ್ದಾರೆ. ನಾಡಿ 104, ಏರುತ್ತಿದೆ. ಹತ್ತುವ ಮೊದಲು ಹೇಳಬೇಕಾದ್ದು, ಮರೆಯದಂತೆ:

ಒಂದು — ಈ ಗಾಡಿಯಲ್ಲಿ ಬ್ರೇಕ್ ಒಂದೇ. ಕಾಲಡಿ ಪೆಡಲು ಇಳಿದರೆ ಒತ್ತಿದ್ದು ನೀವೇ, ಅನುಮಾನ ಬೇಡ.

ಎರಡು — ನನಗೆ ಬಂದರೆ ‘ಬಂತು’ ಅಂತೀನಿ. ಆಗ ನನ್ನ ಮುಖ ನೋಡಬೇಡಿ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಧಾನಕ್ಕೆ ಪಕ್ಕಕ್ಕೆ ತನ್ನಿ, ನಿಲ್ಲಿಸಿ. ಆಮೇಲೆ ನೋಡಿ.

ಮೂರು — ಮತ್ತೆ ಹಾರ್ನ್. ಉಳಿದದ್ದು ವ್ಯಾನಿನಲ್ಲಿ.