ಒರೆಸಿ ತೆಗೆದ ಲಕ್ಕಿ ಸೊಪ್ಪು

೧೨ ನವೆಂಬರ್ ೨೦೨೪, ಮಂಗಳವಾರ. ಹಾನಗಲ್.

ಕಣ್ಣು ಮುಚ್ಚಿದರೆ ಆ ಗಾಜಿನ ತಟ್ಟೆಯೇ ಕಾಣುತ್ತಿದೆ.

ಸವಣೂರಿನ ಕುಲಸುಮಬಿ ಕಾಲಿನ ಗಾಯ ನಂಜಾಗಿ ತೀರಿಕೊಂಡು ಎಂಟು ತಿಂಗಳಾಯಿತು. ಆ ಗಾಯದಿಂದ ನಾನು ತೆಗೆದ ಬ್ಯಾಕ್ಟೀರಿಯಾ ಮಾತ್ರ ನಮ್ಮ ಪ್ರಯೋಗಾಲಯದ ಫ್ರೀಜರಿನಲ್ಲಿ ಇನ್ನೂ ಜೀವಂತವಾಗಿದೆ. ಅದು ಯಾವ ಆ್ಯಂಟಿಬಯೋಟಿಕ್ಕಿಗೂ ಬಗ್ಗಿರಲಿಲ್ಲ. ಇವತ್ತು ಅದನ್ನು ಬೆಳೆಸಿದ ಗಾಜಿನ ತಟ್ಟೆಯಲ್ಲಿ, ಬೇಲಿಯ ಲಕ್ಕಿ ಗಿಡದ ಸೊಪ್ಪಿನಿಂದ ಬೇರ್ಪಡಿಸಿದ ಸತ್ವ ಹಾಕಿದ ಕಡೆ ಅದು ಬೆಳೆದೇ ಇಲ್ಲ. ಜೊತೆಯವರು ಚಪ್ಪಾಳೆ ತಟ್ಟಿದರು. ನಾನು ತಟ್ಟೆ ಕೆಳಗಿಟ್ಟು ಹೊರಗೆ ಬಂದೆ.

ಕುಲಸುಮಬಿ ಮೊದಲ ಸಲ ನಮ್ಮ ದವಾಖಾನೆಗೆ ಬಂದಾಗ ಗಾಯಕ್ಕೆ ಅದೇ ಸೊಪ್ಪನ್ನು ಅರೆದು ಹಚ್ಚಿಕೊಂಡಿದ್ದರು. "ಇಂಥಾ ಹೊಲಸು ಯಾಕ ಹಚ್ಚೀರಿ?" ಎಂದು ಎಲ್ಲರೆದುರು ಗದರಿ, ನಾನೇ ಒರೆಸಿ ತೆಗೆದಿದ್ದೆ. "ತಂಪ ಅನಸ್ತಿತ್ತವಾ" ಎಂದಷ್ಟೇ ಅಂದು ಅವರು ತಲೆ ತಗ್ಗಿಸಿದ್ದರು.

ಮುಚ್ಚಿಡಲಾಗದೆ ಸಂಜೆ ಅವರ ಮಗಳು ದಿಲ್ಶಾದಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅವತ್ತ ಒರಸದಿದ್ರ ಅಮ್ಮಾ ಉಳೀತಿದ್ಲೇನ್ರಿ, ಅಕ್ಕಾರ?"

"ಗೊತ್ತಿಲ್ಲವಾ. ಗಾಜಿನ ತಟ್ಟಿ ಬ್ಯಾರೆ, ಮನಷ್ಯಾರ ಮೈ ಬ್ಯಾರೆ. ಬರೇ ತಪ್ಲ ಅರದ ಹಚ್ಚಿದ್ರ ಅಷ್ಟ ಒಳಗ ಇಳಿಯೂದಿಲ್ಲ."

ಅವಳು ಮೆಲ್ಲಗೆ ಹೇಳಿದಳು: "ತಪ್ಲದ ಮಾತು ಇರಲಿ ಬಿಡ್ರಿ. ನೀವು ಬೈದದ್ದು ಆಕಿ ಮನಸಿಗೆ ಭಾಳ ಹತ್ತಿತ್ತು. ಮತ್ತ ಬೈತಾರಂತ ಹತ್ತು ದಿನ ಕಾಲು ಮುಚ್ಚಿಗೊಂಡು ಮನ್ಯಾಗ ಕುಂತ್ಲರಿ."

ಎರಡನೇ ಸಲ, ಗಾಯ ಕೈಮೀರಿದ ಮೇಲೆ, ಅವರು ತಡವಾಗಿ ಬಂದದ್ದು ಯಾಕೆಂದು ನಾನು ಆಗ ಕೇಳಲೇ ಇಲ್ಲ. ಸೊಪ್ಪು ಅವರನ್ನು ಉಳಿಸುತ್ತಿತ್ತೋ ಇಲ್ಲವೋ ಯಾರಿಗೂ ತಿಳಿಯದು. ಆದರೆ ಹತ್ತು ದಿನ ಮೊದಲು ಬಂದಿದ್ದರೆ, ಕಾಲು ತೆಗೆದಾದರೂ ಡಾಕ್ಟರು ಜೀವ ಉಳಿಸುತ್ತಿದ್ದರು.